ಪರವಾಗಿ ಒಂದೇ ಮತ

ಒಂದೇ ತಿಂಗಳಲ್ಲಿ ಮೂರನೇ ಸಲ ಬ್ರೇದಾ ಕೂದಲು ಕತ್ತರಿಸಿಕೊಳ್ಳಲು ಬಂದಾಗ ಪೊಲೋನ ಕತ್ತರಿಯನ್ನೇ ಮುಟ್ಟಲಿಲ್ಲ. ಸೊಂಟಕ್ಕೆ ಕೈಯಿಟ್ಟುಕೊಂಡು ಕನ್ನಡಿಯಲ್ಲಿ ಅವಳನ್ನು ದಿಟ್ಟಿಸಿದಳು.

“ಕತ್ತರಿಸೋಕೆ ಏನಾದ್ರೂ ಉಳಿದಿದ್ರೆ ತಾನೇ? ಇನ್ನೊಂದ್ಸಲ ಬಂದ್ರೆ ಬೋಳು ತಲೇಲಿ ಪೋಸ್ಟ್ ಹಂಚ್ಬೇಕಾಗತ್ತೆ ನೋಡು.”

“ಹಂಚ್ತೀನಿ ಬಿಡು. ತಲೆ ತೊಳ್ಕೊಡ್ತೀಯಲ್ಲ, ಅಷ್ಟು ಸಾಕು ನಂಗೆ.”

ಪೊಲೋನಳ ಕಿವಿಗಳು ಕೆಂಪಾದವು. ಅವಳ ಕೆನ್ನೆ ಎಂದೂ ಕೆಂಪಾಗುತ್ತಿರಲಿಲ್ಲ, ಕಿವಿಗಳು ಮಾತ್ರ. ಅದನ್ನು ನೋಡುವುದಕ್ಕೆಂದೇ ಬ್ರೇದಾ ದಾರಿಯುದ್ದಕ್ಕೂ ಇಂಥ ಮಾತುಗಳನ್ನು ಹೊಸೆದುಕೊಂಡು ಬರುತ್ತಿದ್ದಳು.

ಪಕ್ಕದ ಕುರ್ಚಿಯಲ್ಲಿ, ಊರೆಲ್ಲ ಅತ್ತೆ ಎಂದೇ ಕರೆಯುವ ಸ್ತೇಫ್ಕ ಅತ್ತೆ ಇದ್ದಳು. ತಲೆ ತುಂಬ ಸುರುಳಿ ಸುತ್ತಿಸಿಕೊಂಡು, ಕೂದಲು ಒಣಗಿಸುವ ದೊಡ್ಡ ಟೊಪ್ಪಿಗೆಯಂಥ ಯಂತ್ರದ ಕೆಳಗೆ ಕೂತಿದ್ದಳು. ಅದು ಗುಂಯ್ ಎನ್ನುತ್ತಿರುವಷ್ಟು ಹೊತ್ತು ಅವಳಿಗೆ ಏನೂ ಕೇಳಿಸದು. ಲಿಪೋವ್ಯೆ ಹಳ್ಳಿಯಲ್ಲಿ ಇಬ್ಬರು ಹೆಂಗಸರು ಪ್ರೀತಿಯ ಮಾತಾಡಲು ಇದ್ದ ಅವಕಾಶ ಅಷ್ಟೇ. ಮೂರನೆಯವಳ ತಲೆ ಒಣಗುವ ಇಪ್ಪತ್ತು ನಿಮಿಷ!

ಹೀಗೆ ಎರಡು ವರ್ಷ ಕಳೆದಿತ್ತು. ಬ್ರೇದಾಳಿಗೆ ನಲವತ್ತೊಂದು. ಹಳದಿ ಕಾರಿನಲ್ಲಿ ಮೂರು ಹಳ್ಳಿಗಳಿಗೆ ಅಂಚೆ ಹಂಚುವವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ನಾಯಿ ಬರೀ ಬೊಗಳುತ್ತದೆ ಎಂಬುದೆಲ್ಲ ಬಲ್ಲವಳು. ಪೊಲೋನ ಅವಳಿಗಿಂತ ಎರಡು ವರ್ಷ ಚಿಕ್ಕವಳು. ಅಣ್ಣ ಸ್ತಾನೆಯ ಮನೆಯ ಕೆಳಗಿನ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಊರಿನವರ ಕೂದಲನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಸಂಸತ್ತು ಮಾರ್ಚ್‌ನಲ್ಲಿ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದೆಂದು ಕಾನೂನು ಮಾಡಿತ್ತು. ಒಪ್ಪದವರು ಸಹಿ ಸಂಗ್ರಹಿಸಿ ಅದನ್ನು ಜನರ ಮತಕ್ಕೆ ಎಳೆದು ತಂದಿದ್ದರು. ಮತದಾನದ ನೋಟಿಸನ್ನು ಮನೆಮನೆಗೆ ಹಂಚಿದ್ದವಳು ಬ್ರೇದಾಳೇ. ಮತದಾನ ನಾಳೆ, ಭಾನುವಾರ.

ಬೆಚ್ಚಗಿನ ನೀರು ತಲೆಯ ಮೇಲೆ ಬಿತ್ತು. ಪೊಲೋನಳ ಬೆರಳುಗಳು ಕಿವಿಯ ಹಿಂದೆ ಇಳಿದು, ಅಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತವು. ಬ್ರೇದಾ ಕಣ್ಣು ಮುಚ್ಚಿಕೊಂಡಳು.

“ಗೆದ್ರೆ?” ಎಂದು ಕೇಳಿದಳು.

“ಎಷ್ಟು ಸಲ ಕೇಳ್ತೀಯ ಮಾರಾಯ್ತಿ?”

“ನೀನು ಎಷ್ಟು ಸಲ ಹೇಳಿದ್ರೂ ಸಾಲಲ್ಲ.”

ಪೊಲೋನ ಬಗ್ಗಿದಳು. ಅವಳ ಉಸಿರು ಒದ್ದೆ ಹಣೆಗೆ ತಾಕಿತು. “ಗೆದ್ರೆ ಸೋಮವಾರ ಅಂಗಡಿಗೆ ಬೀಗ ಹಾಕ್ತೀನಿ. ಎಲ್ರ ಎದುರಿಗೇ ನಿನ್ನ ಹಳದಿ ಕಾರು ಹತ್ತುತೀನಿ. ನೋಂದಣಿ ಕಚೇರಿ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ಮೆಟ್ಟಿಲ ಮೇಲೆ ಕೂತ್ಕೊಳ್ಳೋಣ. ಆಯ್ತಾ?”

“ಅದು ಅಂಚೆ ಇಲಾಖೆ ಕಾರು ಕಣೇ. ಬೇರೆಯವರನ್ನ ಕೂರಿಸ್ಕೊಳ್ಳೋ ಹಾಗಿಲ್ಲ.”

“ಹಾಗಾದ್ರೆ ನನ್ನ ಹಣೆಗೆ ಸ್ಟಾಂಪ್ ಅಂಟಿಸ್ಕೊಂಡು ಕರ್ಕೊಂಡು ಹೋಗು.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸ್ತೇಫ್ಕ ಅತ್ತೆ ಯಂತ್ರದ ಒಳಗಿಂದಲೇ ಊರೆಲ್ಲ ಕೇಳುವಂತೆ ಕೂಗಿದಳು: “ಏನ್ರೇ ಅದು ಅಷ್ಟೊಂದು ನಗು? ನನಗೂ ಹೇಳ್ರೇ!”

*

ಮತಗಟ್ಟೆ ಅಗ್ನಿಶಾಮಕ ದಳದ ಕಟ್ಟಡದಲ್ಲಿತ್ತು. ಬೆಂಕಿ ಆರಿಸುವ ಬಂಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಮತಗಟ್ಟೆ ಸಮಿತಿಯ ಅಧ್ಯಕ್ಷ ದಳದ ಮುಖ್ಯಸ್ಥ ಸಿರಿಲ್. ಬ್ರೇದಾ ಪ್ರತಿ ಚುನಾವಣೆಯಲ್ಲೂ ಸಮಿತಿಯಲ್ಲಿರುತ್ತಿದ್ದಳು, ಏಕೆಂದರೆ ಊರಿನ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತನ್ನ ಮತವನ್ನು ಹಾಕಿಬಿಟ್ಟಳು. ‘ಪರ’ ಎಂಬುದರ ಸುತ್ತ ಒಂದು ಗೀಟು ಎಳೆದರೆ ಸಾಕಿತ್ತು. ಅವಳು ಎರಡು ಸುತ್ತು ಎಳೆದಳು.

ಚರ್ಚಿನ ಪೂಜೆ ಮುಗಿದ ಮೇಲೆ ಜನ ಹಿಂಡುಹಿಂಡಾಗಿ ಬಂದರು. ಪೊಲೋನ ಅಣ್ಣ ಅತ್ತಿಗೆಯ ಜೊತೆ ಬಂದಳು. ಕತ್ತಿಗೆ ಹೊಸ ನೀಲಿ ಸ್ಕಾರ್ಫ್. ಬ್ರೇದಾ ಮತಪತ್ರ ಕೊಟ್ಟಳು, ಅವಳು ಬೆರಳಿಗೆ ಬೆರಳು ತಾಗಿಸಿಯೇ ತೆಗೆದುಕೊಂಡಳು.

“ಪೆನ್ನು ಅಲ್ಲೇ ಇದೆ,” ಎಂದಳು ಬ್ರೇದಾ. ಎಲ್ಲರಿಗೂ ಹೇಳುತ್ತಿದ್ದ ಮಾತೇ. ಇವಳಿಗೆ ಮಾತ್ರ ಅದನ್ನು ಎರಡು ಸಲ ಹೇಳಿದಳು.

ಪೊಲೋನ ಪರದೆಯ ಹಿಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತಳು. ಪರದೆಯ ಕೆಳಗೆ ಅವಳ ಬೂಟುಗಳು ಕಾಣುತ್ತಿದ್ದವು. ಹೊರಬಂದು ಪತ್ರವನ್ನು ಪೆಟ್ಟಿಗೆಗೆ ಹಾಕಿ, ಬ್ರೇದಾಳ ಕಡೆ ತಿರುಗಿ ಒಂದು ಚೂರು ನಕ್ಕಳು. ಆ ನಗುವಿನಲ್ಲೇ ಬ್ರೇದಾ ಸಂಜೆಯವರೆಗೆ ಬೆಚ್ಚಗಿದ್ದಳು. ಹುಚ್ಚಿ, ದೇಶದಲ್ಲಿ ಗೆಲ್ಲುತ್ತೇವೋ ಸೋಲುತ್ತೇವೋ, ಈ ಊರಿನ ಪೆಟ್ಟಿಗೆಯಲ್ಲಿ ತಮ್ಮ ಎರಡು ಮತ ಅಕ್ಕಪಕ್ಕ ಮಲಗಿವೆ ಎಂದುಕೊಂಡೇ ಖುಷಿಪಟ್ಟಳು.

ಏಳು ಗಂಟೆಗೆ ಪೆಟ್ಟಿಗೆ ತೆರೆದರು. ಸಿರಿಲ್ ಒಂದೊಂದೇ ಬಿಡಿಸಿ ಓದಿದ. “ವಿರುದ್ಧ. ವಿರುದ್ಧ. ವಿರುದ್ಧ.” ಬ್ರೇದಾ ಬಲಗಡೆ ಅಡಕುತ್ತ ಹೋದಳು. ನಡುವೆ ಎಲ್ಲೋ ಸಿರಿಲ್ ತಡೆದು, ಕನ್ನಡಕ ಸರಿಮಾಡಿಕೊಂಡು, “ಪರ” ಎಂದ. ಎರಡು ಸುತ್ತಿನದು. ಅವಳು ಅದನ್ನು ಎಡಗಡೆ ಇಟ್ಟು, ಅದರ ಜೊತೆಗಾತಿಗಾಗಿ ಕಾದಳು.

“ವಿರುದ್ಧ. ವಿರುದ್ಧ.” ಪತ್ರಗಳು ಕರಗುತ್ತ ಬಂದವು. ಹತ್ತು ಉಳಿದಾಗಲೂ ಕಾದಳು. ಎರಡು ಉಳಿದಾಗಲೂ ಕಾದಳು. ನೂರಾ ಹನ್ನೆರಡು ಮತ. ಅಸಿಂಧುವಾದದ್ದು ಒಂದೂ ಇಲ್ಲ. ವಿರುದ್ಧ ನೂರಾ ಹನ್ನೊಂದು, ಪರ ಒಂದು.

“ಯಾರಪ್ಪ ಅದು ಒಬ್ಬ ಗಿರಾಕಿ!” ಎಂದು ಸಿರಿಲ್ ನಕ್ಕ. ಬ್ರೇದಾ ಕೂಡ ನಗಬೇಕಾಯಿತು. ದೇಶದಲ್ಲಿ ನೂರಕ್ಕೆ ಅರವತ್ತಮೂರು ಮಂದಿ ಬೇಡವೆಂದರು ಎಂದು ರೇಡಿಯೋ ಹೇಳಿತು. ಅದು ಅವಳ ಕಿವಿಗೆ ಬಿತ್ತು ಅಷ್ಟೆ, ಮನಸ್ಸಿಗೆ ಇಳಿಯಲಿಲ್ಲ. ನೂರಾ ಹನ್ನೊಂದರಲ್ಲಿ ಒಂದು ಪೊಲೋನಳದು.

*

ಮರುದಿನ ಸ್ತಾನೆಯ ಮನೆಯಲ್ಲಿ ಹಂದಿ ಕಡಿಯುವ ದಿನ. ಕ್ರಿಸ್‌ಮಸ್ಸಿಗೆ ಮುಂಚಿನ ಈ ಕೆಲಸಕ್ಕೆ ನೆರೆಹೊರೆಯವರೆಲ್ಲ ಕೈಹಾಕಬೇಕು. ಬಾರದವರನ್ನು ಊರು ವರ್ಷವಿಡೀ ಆಡಿಕೊಳ್ಳುತ್ತದೆ. ಬ್ರೇದಾ ಅಂಚೆ ಮುಗಿಸಿ ಮಧ್ಯಾಹ್ನಕ್ಕೆ ಬಂದಳು. ಪೊಲೋನ ಅಂಗಳದ ನಲ್ಲಿಯಲ್ಲಿ ಒಬ್ಬಳೇ ಕರುಳು ತೊಳೆಯುತ್ತಿದ್ದಳು. ತಣ್ಣೀರಿಗೆ ಕೈಗಳು ಕೆಂಪೇರಿದ್ದವು. ಬ್ರೇದಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾನೂ ಒಂದು ತುದಿ ಹಿಡಿದಳು.

“ಯಾಕೆ?” ಎಂದಳು.

ಪೊಲೋನ ತಲೆಯೆತ್ತಲಿಲ್ಲ. “ಎರಡು ಬಂದಿದ್ರೆ ಎರಡು ಯಾರ್ದು ಅಂತ ಹುಡುಕ್ತಿದ್ರು. ಒಂದಾದ್ರೆ ತಮಾಷೆ ಕಣೇ. ಎರಡಾದ್ರೆ ಜೋಡಿ. ಈ ಊರಲ್ಲಿ ಜೋಡಿ ಹುಡುಕೋಕೆ ಎಷ್ಟು ಹೊತ್ತು ಬೇಕು ಹೇಳು? ತಿಂಗಳಿಗೆ ಮೂರು ಸಲ ಕೂದಲು ಕತ್ತರಿಸ್ಕೊಳ್ಳೋಳು ಯಾರು ಅಂತ ಸ್ತೇಫ್ಕ ಅತ್ತೆಗೂ ಗೊತ್ತು.”

“ಅದಕ್ಕೆ ನನ್ನೊಬ್ಬಳನ್ನೇ ಬಿಟ್ಟೆಯಾ?”

“ನಿಂಗೆ ಸರ್ಕಾರಿ ಕೆಲ್ಸ ಇದೆ. ನನ್ನ ಕುರ್ಚಿ ಇರೋದು ಅಣ್ಣನ ಮನೇಲಿ. ಒಂದು ಮಾತು ಹೊರಬಿದ್ರೆ ಯಾರು ನನ್ನ ಕೈಗೆ ತಲೆ ಕೊಡ್ತಾರೆ?”

“ಇಷ್ಟೇನಾ ಕಾರಣ?”

ಪೊಲೋನ ನಲ್ಲಿ ನಿಲ್ಲಿಸಿದಳು.

“ಇಲ್ಲ,” ಎಂದಳು. “ಪೆನ್ನು ಹಿಡಿದಾಗ ಸೋಲಲಿ ಅಂತಾನೇ ಬೇಡ್ಕೊಂಡೆ, ಬ್ರೇದಾ. ಗೆದ್ದುಬಿಟ್ರೆ ಬರ್ಬೇಕಾಗ್ತಿತ್ತಲ್ಲ. ಬರ್ತೀನಿ ಅಂತ ಹೇಳೋದು ನಂಗಿಷ್ಟ. ನೀನು ಕಣ್ಣು ಮುಚ್ಕೊಂಡು ಕೇಳೋದು ನಂಗಿಷ್ಟ. ಆದ್ರೆ ಬರೋ ಧೈರ್ಯ ನಂಗೆ ಯಾವತ್ತೂ ಇರ್ಲಿಲ್ಲ. ಪ್ರೀತಿ ಇಲ್ಲ ಅಂತ ಮಾತ್ರ ಅಂದ್ಕೋಬೇಡ. ಅದೊಂದು ಇರೋದ್ರಿಂದಾನೇ ಇಷ್ಟು ಸುಳ್ಳು ಹೇಳಿದೆ.”

ಬ್ರೇದಾಳಿಗೆ ಕೂಗಾಡಬೇಕೆನಿಸಿತು. ಆ ಕೆಂಪಗಾದ ಕೈಗಳನ್ನು ಹಿಡಿದು ತನ್ನ ಕೋಟಿನೊಳಗೆ ಬೆಚ್ಚಗಿಟ್ಟುಕೊಳ್ಳಬೇಕೆಂದೂ ಅನಿಸಿತು. ಎರಡೂ ಸಾಧ್ಯವಿರಲಿಲ್ಲ. ಅತ್ತಿಗೆ ಆನಿತ್ಸ ಬಾಗಿಲಿಗೆ ಬಂದು, “ಕರುಳು ತೊಳೀತಿದ್ದೀರೋ ನದೀಗೆ ಹೋಗಿದ್ದೀರೋ? ಒಳಗೆಲ್ಲ ಕಾಯ್ತಿದ್ದಾರೆ!” ಎಂದಳು.

ಅಡುಗೆಮನೆ ಒಲೆಯ ಶಾಖಕ್ಕೆ, ಮಸಾಲೆಯ ವಾಸನೆಗೆ, ಮಾತಿಗೆ ತುಂಬಿ ತುಳುಕುತ್ತಿತ್ತು. ಅಕ್ಕಿ ಮತ್ತು ರಕ್ತ ಕಲಸಿದ್ದನ್ನು ಕರುಳಿಗೆ ತುಂಬುವುದು, ತುದಿಗೆ ದಾರ ಕಟ್ಟುವುದು. ಕೈಗಳು ಅಲ್ಲಿ, ನಾಲಗೆಗಳು ಆ ಒಂದು ಮತದ ಮೇಲೆ.

“ನೂರಾ ಹನ್ನೊಂದು ಜನ ದೇವರಿಗೆ ಹೆದರಿದ್ರು,” ಎಂದ ಸಿರಿಲ್. “ಒಬ್ಬನೇ ಒಬ್ಬ ಧೈರ್ಯವಂತ!”

“ಪಾದ್ರಿಯವರೇ ಇರ್ಬೇಕು,” ಎಂದ ಸ್ತಾನೆ. ಎಲ್ಲರೂ ಹೋ ಎಂದು ನಕ್ಕರು.

“ಮಗಾ, ನಗೋ ವಿಷ್ಯ ಅಲ್ಲ,” ಸ್ತೇಫ್ಕ ಅತ್ತೆ ಚಾಕು ಅಲ್ಲಾಡಿಸಿದಳು. “ನಮ್ಮ ನಡುವೆಯೇ ಯಾರೋ ಇದ್ದಾರೆ ಅಂದ್ರೆ ನಂಗಂತೂ ರಾತ್ರಿಯಿಡೀ ನಿದ್ದೆ ಇಲ್ಲ. ಯಾರು ಅಂತ ಗೊತ್ತಾಗ್ಲೇಬೇಕು.”

ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಪೊಲೋನ ದಾರ ಕಟ್ಟುತ್ತಲೇ, ಹಗುರವಾಗಿ ಹೇಳಿದಳು: “ಲೋಯ್ಸ್ ಅಜ್ಜ ನಿನ್ನೆ ಕನ್ನಡಕ ಮನೇಲೇ ಬಿಟ್ಟು ಬಂದಿದ್ರಲ್ವಾ?”

ಮನೆ ಹಾರಿಹೋಗುವಂಥ ನಗು. ಒಲೆಯ ಪಕ್ಕದ ಬೆಂಚಿನಲ್ಲಿದ್ದ ಲೋಯ್ಸ್ ಅಜ್ಜನಿಗೆ ಎಂಬತ್ತನಾಲ್ಕು. ಅವನ ಮುಖ ಬಿಳಿಚಿತು.

“ನಾನಾ? ನನ್ನ ಕಣ್ಣು ಸರಿಯಾಗಿವೆ! ಅರವತ್ತು ವರ್ಷದಿಂದ ಓಟು ಹಾಕ್ತಿದ್ದೀನಿ, ಒಂದೂ ತಪ್ಪಿಲ್ಲ!”

“ಅಯ್ಯೋ ಮಾವ,” ಅವನ ಸೊಸೆಯೂ ನಗುತ್ತಿದ್ದಳು, “ಹಾಗಾದ್ರೆ ಟ್ರ್ಯಾಕ್ಟರ್ ಕೀಲಿ ಇವತ್ತಿಂದ ನಮ್ಮ ಹತ್ರಾನೇ ಇರ್ಲಿ. ಪರ ಯಾವ್ದು ವಿರುದ್ಧ ಯಾವ್ದು ಕಾಣ್ದೇ ಇದ್ರೆ, ದಾರಿ ಯಾವ್ದು ಹಳ್ಳ ಯಾವ್ದು ಅಂತ ಹೇಗೆ ಕಾಣತ್ತೆ?”

ಅಜ್ಜ ಜೇಬಿನಿಂದ ಕೀಲಿ ತೆಗೆದು ಸೊಸೆಯ ಕೈಗೆ ಹಾಕಿದ. ಎಲ್ಲರಿಗೂ ಸಮಾಧಾನವಾಗಿತ್ತು. ಸ್ತೇಫ್ಕ ಅತ್ತೆಯ ಮುಖವೂ ಅರಳಿತು. ಬ್ರೇದಾ ಎರಡು ಸುತ್ತು ಎಳೆದಿದ್ದ ಮತವನ್ನು ಪೊಲೋನ ಒಬ್ಬ ಮುದುಕನ ಮಂದಗಣ್ಣಿಗೆ ಕೊಟ್ಟುಬಿಟ್ಟಿದ್ದಳು. ಬ್ರೇದಾಳನ್ನು ಉಳಿಸಲೆಂದೇ ಹಾಗೆ ಮಾಡಿದ್ದು. ಅದು ಗೊತ್ತಿದ್ದರಿಂದಲೇ ಬ್ರೇದಾಳಿಗೆ ತಡೆಯಲಾಗಲಿಲ್ಲ.

“ಅಜ್ಜಂದಲ್ಲ, ಅದು ನಂದು,” ಎಂದಳು.

ನಗು ನಿಂತಿತು.

“ತಮಾಷೆ ಮಾಡ್ಬೇಡ ಬ್ರೇದಾ,” ಎಂದ ಸಿರಿಲ್.

“ತಮಾಷೆ ಅಲ್ಲ ಸಿರಿಲ್. ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಹಾಕಿದ್ದು. ಅಜ್ಜನ ಕೀಲಿ ಅಜ್ಜನಿಗೆ ಕೊಡಿ.”

ಸ್ತೇಫ್ಕ ಅತ್ತೆ ಚಾಕು ಕೆಳಗಿಟ್ಟಳು. “ಅಂದ್ರೆ ನೀನು... ಯಾರೇ ಅವಳು? ಈ ಊರಿನೋಳೇ?”

ಮೇಜಿನ ಆಚೆ ಪೊಲೋನಳ ಬೆರಳುಗಳು ದಾರದ ಮೇಲೆ ನಿಂತುಹೋದವು. ಕಿವಿಗಳು ಕೆಂಪಾಗಿರಲಿಲ್ಲ, ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಬ್ರೇದಾ ಅವಳನ್ನು ನೋಡಲಿಲ್ಲ. ನೋಡಿದ್ದರೆ ಸಾಕಿತ್ತು, ಊರಿಗೆ ಎಲ್ಲ ಗೊತ್ತಾಗುತ್ತಿತ್ತು. ಒಂದು ನೋಟ ಸಾಕಿತ್ತು. ಎರಡು ವರ್ಷದ ಇಪ್ಪತ್ತಿಪ್ಪತ್ತು ನಿಮಿಷಗಳನ್ನೆಲ್ಲ ನುಂಗಿಕೊಂಡು ಅವಳು ಸ್ತೇಫ್ಕ ಅತ್ತೆಯ ಕಣ್ಣನ್ನೇ ನೋಡಿದಳು.

“ಯಾರೂ ಇಲ್ಲ ಅತ್ತೆ,” ಎಂದಳು. “ಇದ್ದಿದ್ರೆ ಎರಡು ಬೀಳ್ತಿತ್ತಲ್ಲ?”

ಲೆಕ್ಕ ಎಲ್ಲರಿಗೂ ಹಿಡಿಸಿತು. ಸಿರಿಲ್ ಹೌದೆಂದು ತಲೆಯಾಡಿಸಿದ. ಸ್ತೇಫ್ಕ ಅತ್ತೆಗಂತೂ ಭಯ ಹೋಗಿ ಮರುಕ ಬಂತು. “ಪಾಪ, ಒಂಟಿ ಜೀವ,” ಎಂದು ಆನಿತ್ಸಳ ಕಿವಿಯಲ್ಲಿ ಹೇಳಿದ್ದು ಇಡೀ ಅಡುಗೆಮನೆಗೆ ಕೇಳಿಸಿತು. ಪೊಲೋನ ಮುಂದಿನ ಕರುಳಿಗೆ ದಾರ ಸುತ್ತತೊಡಗಿದಳು. ಗಂಟು ಎರಡು ಸಲ ಜಾರಿತು.

ಬ್ರೇದಾ ಕೈ ತೊಳೆದು ಕೋಟು ಹಾಕಿಕೊಂಡಳು. ಕೆಲಸಕ್ಕೆ ಬಂದವರನ್ನು ಮನೆಯವರು ಗೇಟಿನವರೆಗೆ ಬಂದು, ಒಂದಿಷ್ಟು ಸಾಸೇಜು ಕಟ್ಟಿಕೊಟ್ಟು ಕಳಿಸಬೇಕು. ಪೊಟ್ಟಣ ಹಿಡಿದು ಓಡಿಬಂದವಳು ಆನಿತ್ಸ.

“ಪೊಲೋನಂಗೆ ಕೈ ತುಂಬ ಕೆಲ್ಸ, ಅದಕ್ಕೆ ನಾನೇ ಬಂದೆ,” ಎಂದಳು, ಕಣ್ಣು ತಪ್ಪಿಸುತ್ತ.

“ಇರ್ಲಿ ಬಿಡಿ,” ಎಂದಳು ಬ್ರೇದಾ.

ಹಳದಿ ಕಾರಿನ ಪಕ್ಕದ ಸೀಟಿನ ಮೇಲೆ ಪೊಟ್ಟಣವನ್ನಿಟ್ಟಳು. ನಾಳೆ ಕ್ರಿಸ್‌ಮಸ್ ಕಾರ್ಡುಗಳ ದೊಡ್ಡ ರಾಶಿ ಬರುವುದಿತ್ತು. ಈ ಮನೆಗೂ ನಾಲ್ಕಾರು ಇರುತ್ತವೆ. ಗೇಟಿನ ಪೆಟ್ಟಿಗೆಗೆ ಹಾಕಿ, ದಿನಾ ಪೊಲೋನಳಿಗೆಂದು ಹೊಡೆಯುತ್ತಿದ್ದ ಹಾರ್ನ್ ಹೊಡೆಯದೆ ಮುಂದೆ ಹೋಗಬೇಕು ಎಂದುಕೊಂಡು ಅವಳು ಕಾರು ಸ್ಟಾರ್ಟ್ ಮಾಡಿದಳು.