ಹತ್ತಿ ಮಿಲ್ಲಿನ ಸೈರನ್

ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯ ಹತ್ತಿ ಮಿಲ್ಲಿನಲ್ಲಿ ಸಂಗಮನಾಥ ಕಾವಲುಗಾರರ ಜಮಾದಾರ. ಒಂದು ಸಂಜೆ ಮಾಲೀಕ ಲಿಂಗಣ್ಣ ಸಾಹುಕಾರರು, ಹೆಣ್ಣಾಳುಗಳೆಲ್ಲ ನೋಡುತ್ತಿರುವಾಗಲೇ, ಗೇಟಿನಲ್ಲಿ ಅವನ ಬುತ್ತಿ ತೆಗೆಸಿ ಕೈಯಾಡಿಸಿದರು. ಸಿಕ್ಕದ್ದು ಉಳಿದ ಅರ್ಧ ರೊಟ್ಟಿ. “ನಿಯತ್ತು ನೋಡಿದೆ ಅಷ್ಟ, ಬ್ಯಾಸರ ಮಾಡ್ಕೋಬ್ಯಾಡ,” ಎಂದು ನಕ್ಕು ಕಾರು ಹತ್ತಿದರು. ಆ ನಗು ಮನೆಯವರೆಗೂ ಅವನ ಬೆನ್ನು ಬಿಡಲಿಲ್ಲ. ಕಳ್ಳನಂತೆ ನೋಡಿಸಿಕೊಂಡದ್ದಾಯಿತು, ಇನ್ನು ಕಳ್ಳನಾದರೇನು? ಮುಂದಿನ ವಾರ ಹತ್ತಿಕಾಳಿನ ಲಾರಿಯಲ್ಲಿ, ಚೀಲಗಳ ಕೆಳಗೆ ಒತ್ತಿ ಕಟ್ಟಿದ ಹತ್ತಿಯ ಎರಡು ಬೇಲು ಇಡಿಸಿ ಗೇಟು ದಾಟಿಸಿದ.

ಬೇಲು ಕಮ್ಮಿಯಾದದ್ದು ಸೋಮವಾರ ಗೊತ್ತಾಯಿತು. ಸಾಹುಕಾರರು ಕೂಗಾಡಲಿಲ್ಲ. “ಕ್ಯಾಮೆರಾದಾಗ ಎಲ್ಲಾ ಅದ. ಬುಧವಾರ ಯಾದಗಿರಿಯಿಂದ ಮೆಕ್ಯಾನಿಕ್ ಬರ್ತಾನ. ನೀನೂ ಕುಂತು ನೋಡು,” ಎಂದರು.

ಆ ಹೊತ್ತಿನಿಂದ ಸಂಗಮನಾಥನ ಹೊಟ್ಟೆಗೆ ಅನ್ನ ಇಳಿಯಲಿಲ್ಲ. ಹೆಂಡತಿ ಭುವನೇಶ್ವರಿ ಹಣೆ ಮುಟ್ಟಿ, “ಜ್ವರ ಬಂದಾವೇನ್ರಿ?” ಎಂದಾಗ ಪೊಲೀಸರ ಕೈಗೆ ಸಿಕ್ಕವನಂತೆ ಬೆಚ್ಚಿಬಿದ್ದ.

ಉಳಿದದ್ದು ಮಂಗಳವಾರ ಒಂದೇ. ಅಂದು ಬೆಂಕಿ ತಾಲೀಮು. ಅದನ್ನು ನಡೆಸಲು ಕಲಬುರಗಿಯಿಂದ ಬರುವ ಪರಿಮಳಾ ಮೇಡಂ ಹೋದ ವಾರವೇ ನಿಯಮಗಳನ್ನು ಹೇಳಿ ಹೋಗಿದ್ದರು: ಸೈರನ್ ಊದಿದಾಗ ಯಾವ ಬಾಗಿಲಿಗೂ ಬೀಗ ಇರಬಾರದು, ಮೇನ್ ಸ್ವಿಚ್ ಇಳಿಸಬೇಕು, ಎಲ್ಲರೂ ಬೇವಿನ ಮರದ ಕೆಳಗೆ ನಿಲ್ಲಬೇಕು, ಒಳಗೆ ಯಾರೂ ಉಳಿದಿಲ್ಲವೆಂದು ನೋಡಿಕೊಂಡು ಜಮಾದಾರ ಕೊನೆಗೆ ಬರಬೇಕು. ಕ್ಯಾಮೆರಾಗಳು ಕಂಡದ್ದೆಲ್ಲ ಡಿಸ್ಕಿನಲ್ಲಿ ಉಳಿಯುವ ಪೆಟ್ಟಿಗೆ ಇರುವುದು ಮಹಡಿಯ ಮೇಲೆ, ಸಾಹುಕಾರರ ಕೋಣೆಯಲ್ಲಿ. ಕೋಣೆಯ ಕೀಲಿಯನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಅವತ್ತು ಆ ಕೋಣೆಯೂ ತೆರೆದಿರುತ್ತದೆ. ಕರೆಂಟಿಲ್ಲದೆ ಕ್ಯಾಮೆರಾಗಳಿಗೆ ಕಣ್ಣಿರುವುದಿಲ್ಲ. ಒಳಗೆ ಯಾಕಿದ್ದೆ ಎಂದು ಅವನನ್ನು ಯಾರೂ ಕೇಳುವಂತಿಲ್ಲ. ಮಂಗಳವಾರ ಬೆಳಿಗ್ಗೆಯೇ ನಸೀರುದ್ದೀನನ ಗುಜರಿ ಅಂಗಡಿಗೆ ಹೋಗಿ, ಪೆಟ್ಟಿಗೆಯೊಳಗೆ ಇರುವಂಥದ್ದೇ ಒಂದು ಕೆಟ್ಟ ಡಿಸ್ಕು ತಂದ. ಪೆಟ್ಟಿಗೆಯಲ್ಲಿರುವುದನ್ನು ತೆಗೆದು ಇದನ್ನಿಟ್ಟರೆ ಸಾಕು. ಕರೆಂಟು ಹೋಗಿ ಬಂದದ್ದಕ್ಕೆ ಸುಟ್ಟಿತೆಂದು ಮೆಕ್ಯಾನಿಕ್‌ನೇ ಹೇಳುತ್ತಾನೆ.

ಸೈರನ್ ಊದಿತು. ಸಂಗಮನಾಥ ಸ್ವಿಚ್ ಇಳಿಸಿದ. ಯಂತ್ರಗಳು ಉಸಿರು ಬಿಟ್ಟು ನಿಂತವು. ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಹೊರಗೆ ಓಡಿದರು. ಅವನು ಮಹಡಿ ಹತ್ತಿದ. ಪರದೆ ಎಳೆದ ಕೋಣೆ ಅರೆಗತ್ತಲಾಗಿತ್ತು. ಪೆಟ್ಟಿಗೆಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದ. ಒಂದು ತಿರುಪು ನೆಲಕ್ಕೆ ಬಿದ್ದಾಗ ಬಾಗಿಲ ಕಡೆ ತಿರುಗಿ ನೋಡಿ, ತಡಕಾಡಿ ಹೆಕ್ಕಿಕೊಂಡ. ಕೊನೆಗೂ ಒಳಗಿನ ಡಿಸ್ಕು ಕಿಸೆ ಸೇರಿತು, ಕೆಟ್ಟದ್ದು ಒಳಗೆ ಕೂತಿತು, ಮುಚ್ಚಳ ಮುಚ್ಚಿತು. ಎರಡು ದಿನಗಳಲ್ಲಿ ಮೊದಲ ಸಲ ಅವನು ಪೂರ್ತಿ ಉಸಿರೆಳೆದುಕೊಂಡ.

ಮೆಟ್ಟಿಲ ಮೇಲೆ ಹೆಜ್ಜೆಗಳು. ಇಬ್ಬರು ಆಳುಗಳು ಸ್ಟ್ರೆಚರ್ ಹಿಡಿದು ಬಂದರು, ಹಿಂದೆ ಪರಿಮಳಾ ಮೇಡಂ ಮತ್ತು ಸಾಹುಕಾರರು.

“ಒಳಗ ಯಾರೂ ಇಲ್ರಿ ಮೇಡಂ. ಎಲ್ಲಾ ನೋಡೀನಿ,” ಎಂದ ಸಂಗಮನಾಥ.

“ಈ ಕ್ವಾಣಿ ನೋಡೀರೇನ್ರಿ ಜಮಾದಾರ್ರ?” ಮೇಡಂ ಕೇಳಿದರು.

“ಮೂಲಿ ಮೂಲಿ ನೋಡೀನ್ರಿ.”

ತಾಲೀಮೆಂದ ಮೇಲೆ ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋಗಲು ಗಾಯಾಳುವಿನಂತೆ ಒಬ್ಬರಾದರೂ ಬಿದ್ದಿರಬೇಕು. ಅದೊಂದು ಅವನಿಗೆ ಹೊಳೆದೇ ಇರಲಿಲ್ಲ. ಸೋಫಾದ ಹಿಂದಿನಿಂದ ಕಸ ಗುಡಿಸುವ ಮುದುಕಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಕೂತಳು. “ಹೊಗಿ ಕುಡದು ಎಚ್ಚರ ತಪ್ಪಿದೋರಂಗ ಬಿದ್ದಿರು, ಎತ್ತಾಕ ಬರೂತನ ಮಾತಾಡಬ್ಯಾಡ ಅಂದಿದ್ರಿ ಮೇಡಂ, ತುಟಿ ಬಿಚ್ಚಿಲ್ಲ ನೋಡ್ರಿ,” ಎಂದಳು. ಆಮೇಲೆ ಸಂಗಮನಾಥನ ಕಡೆ ತಿರುಗಿ, ನಿಜವಾದ ಮರುಕದಿಂದ ಕೇಳಿದಳು: “ನನ್ನ ಹುಡುಕೂದು ಬಿಟ್ಟು ಆ ಕ್ಯಾಮೆರಾದ ಪೆಟ್ಟಿಗಿ ಬಿಚ್ಚಾಕ ಕುಂತ್ರಲ್ರಿ, ಒಳಗಿಂದು ತಗದು ಕಿಸೆದಾಗ ಇಟ್ಕೊಂಡ್ರಿ. ಅದು ಕೆಟ್ಟಿತ್ತೇನ್ರಿ?”