ಮೂರು ಡೇರೆ ಗೆಡ್ಡೆ

“ಇಲ್ಲಿ ಸಾಲಾಗಿ ಗಿಡ ಇತ್ತಲ್ಲ, ಏನಾಯ್ತು?”

ಹೆಟ್ಟಿ ತಲೆಯೆತ್ತಿದಳು. ಗೇಟಿನ ಹತ್ತಿರ ಕೋರಾ ನಿಂತಿದ್ದಳು. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಸೇಬಿನ ಖಾಲಿ ಪೆಟ್ಟಿಗೆ. ಇಬ್ಬರೂ ಒಂದೇ ಸ್ಕೂಲ್ ಬಸ್ಸಿನಲ್ಲಿ ಹೋಗುತ್ತಿದ್ದರು. ಆದರೆ ಎರಡು ತಿಂಗಳಲ್ಲಿ ಕೋರಾ ಒಂದೇ ಒಂದು ಮಾತೂ ಆಡಿರಲಿಲ್ಲ.

ಹೆಟ್ಟಿಯ ಅಪ್ಪ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಈ ಹಳ್ಳಿಯಲ್ಲಿ ಹಳೇ ಮರದ ಮನೆ ಕೊಂಡು ಎರಡು ತಿಂಗಳಾಗಿತ್ತು. ಅಂದಿನಿಂದ ಅವರದು ಒಂದೇ ಧ್ಯಾನ: ಹಲಗೆ ಕೀಳುವುದು, ಹಲಗೆ ಬಡಿಯುವುದು. ಅಮ್ಮನಿಗೆ ಹೋಬರ್ಟ್ ನಗರದಲ್ಲಿ ಕೆಲಸ. ಬರುವುದು ಭಾನುವಾರ ಮಾತ್ರ. ಮನೆ ತುಂಬ ಧೂಳು, ಮಾತಾಡಲು ಯಾರೂ ಇಲ್ಲ. ಹೆಟ್ಟಿಗೆ ಎಷ್ಟೋ ಸಲ ಅಳು ಬರುತ್ತಿತ್ತು. ತೋಟವನ್ನು ಅಪ್ಪ ಅವಳಿಗೇ ಬಿಟ್ಟಿದ್ದರು. ಒಣಗಿದ್ದನ್ನೆಲ್ಲ ಕಿತ್ತುಹಾಕು ಎಂದಿದ್ದರು. ಅವಳೂ ಹಟ ಹಿಡಿದು ಕಿತ್ತಿದ್ದಳು.

ಕೋರಾ ಗೇಟಿನಾಚೆಯಿಂದಲೇ ವಿಷಯ ಹೇಳಿದಳು. ಇದು ಅವಳ ಅಜ್ಜಿಯ ಮನೆಯಂತೆ. ಅಜ್ಜಿ ಹೋದ ವರ್ಷ ತೀರಿಕೊಂಡರಂತೆ. ಹಿಮ ಬಿದ್ದು ಡೇರೆ ಹೂವಿನ ಗಿಡ ಕಪ್ಪಾದ ಮೇಲೆ ಗೆಡ್ಡೆ ಅಗೆದು ಒಳಗಿಡುವುದು ಪ್ರತಿವರ್ಷ ಅಜ್ಜಿ, ಮೊಮ್ಮಗಳ ಕೆಲಸವಂತೆ. ಗೆಡ್ಡೆ ತಮಗೆ ಬೇಕೆಂದು ಮನೆ ಮಾರುವಾಗಲೇ ಕೋರಾಳ ಮನೆಯವರು ಹೆಟ್ಟಿಯ ಅಪ್ಪನಿಗೆ ಹೇಳಿದ್ದರಂತೆ. ಅಪ್ಪ ಅದನ್ನು ಮರೆತೇಬಿಟ್ಟಿದ್ದರು.

ತಾನು ಕಿತ್ತು ಬಿಸಾಕಿದ್ದು ಅದೇ ಗಿಡಗಳನ್ನು ಎಂದು ಹೆಟ್ಟಿಗೆ ಹೊಳೆಯಿತು. ನಿಜ ಹೇಳಿದರೆ ಇವಳು ಇನ್ನೆಂದೂ ತನ್ನ ಹತ್ತಿರ ಮಾತಾಡಲಾರಳು.

“ನಾವು ಬಂದಾಗ್ಲೇ ಏನೂ ಇರ್ಲಿಲ್ಲ,” ಅಂದುಬಿಟ್ಟಳು.

ಕೋರಾ ಬರಿದಾದ ಪಾತಿಯನ್ನು ನೋಡಿದಳು. “ಮಳೆಗೆ ಕೊಳೆತುಹೋಯ್ತೇನೋ,” ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಜಗಳ ಆಡಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೇಳಿದ್ದನ್ನು ನಂಬಿಬಿಟ್ಟಳಲ್ಲ, ಅದು ಹೆಟ್ಟಿಗೆ ಚುಚ್ಚಿತು. ಓಡಿಹೋಗಿ ಅಂಗಳದ ದೊಡ್ಡ ಕಸದ ತೊಟ್ಟಿ ಹತ್ತಿ, ಕಿತ್ತ ಗಿಡಗಳ ಮೇಲೆ ಬಿದ್ದಿದ್ದ ಮುರಿದ ಹಲಗೆ ಎಳೆಯತೊಡಗಿದಳು. ಸದ್ದಿಗೆ ಅಪ್ಪ ಸುತ್ತಿಗೆ ಹಿಡಿದೇ ಹೊರಗೆ ಬಂದರು. ಅವಳು ಎಲ್ಲ ಹೇಳಿದಳು. ಅಪ್ಪ ಬೈಯಲಿಲ್ಲ. ಮರೆತದ್ದು ನಾನಲ್ಲವೇ ಎಂದು ಗೊಣಗಿ, ಸುತ್ತಿಗೆ ಕೆಳಗಿಟ್ಟು ತಾವೂ ಹತ್ತಿದರು. ಸಂಜೆಯ ಹೊತ್ತಿಗೆ ಒಂದು ಬಕೆಟ್ ಗೆಡ್ಡೆ ಸಿಕ್ಕಿತು.

ಕೋರಾಳ ಮನೆಗೆ ಹೆಟ್ಟಿ ಒಬ್ಬಳೇ ಹೋದಳು.

“ನಾನೇ ಕಿತ್ತು ಬಿಸಾಕಿದ್ದು. ಸುಳ್ಳು ಹೇಳ್ದೆ.”

ಕೋರಾ ಮೆಟ್ಟಿಲ ಮೇಲೆ ಕೂತು ಗೆಡ್ಡೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. “ಗೆಡ್ಡೆ ಕುತ್ತಿಗೆ ಮುರಿದ್ರೆ ಮುಗೀತು. ಮೊಳಕೆ ಕಣ್ಣು ಇರೋದು ಅಲ್ಲೇ.” ಕುತ್ತಿಗೆ ಮುರಿದಿದ್ದ ದಪ್ಪ ದಪ್ಪ ಗೆಡ್ಡೆಗಳೆಲ್ಲ ಪಕ್ಕಕ್ಕೆ ಬಿದ್ದವು. ಕೊನೆಗೆ ಉಳಿದದ್ದು ಮೂರು.

“ಯಾವ ಬಣ್ಣದ್ದು?” ಹೆಟ್ಟಿ ಮೆಲ್ಲಗೆ ಕೇಳಿದಳು.

“ಅಜ್ಜಿಗೆ ಮಾತ್ರ ಗೊತ್ತಿತ್ತು. ಇನ್ನು ಹೂ ಬಿಟ್ಟಾಗ್ಲೇ ನೋಡ್ಬೇಕು. ಬೇಸಿಗೆಗೆ, ಜನವರಿಯಲ್ಲಿ.”

ಒಳಗೆ ಬಾ ಎನ್ನಲಿಲ್ಲ. ಮೂರು ಗೆಡ್ಡೆಯನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಹೋದಳು.

ಹೆಟ್ಟಿ ಖಾಲಿ ಬಕೆಟ್ ಹಿಡಿದು ನಡೆದಳು. ದಿನಾ ಬೆಳಗ್ಗೆ ಬಸ್ಸು ತನ್ನ ಮನೆ ಮುಂದೆ ನಿಂತ ಕೂಡಲೇ ಕೋರಾ ಮುಖ ಆಚೆ ತಿರುಗಿಸುತ್ತಿದ್ದದ್ದು ನೆನಪಾಯಿತು. ತನ್ನನ್ನು ಕಂಡರೆ ಆಗದು, ಅದಕ್ಕೇ ಹಾಗೆ ಎಂದುಕೊಂಡಿದ್ದಳು ಹೆಟ್ಟಿ. ಕೋರಾಳಿಗೆ ನೋಡಲು ಆಗದೆ ಇದ್ದದ್ದು ತನ್ನನ್ನಲ್ಲ, ಅಜ್ಜಿಯಿಲ್ಲದ ಆ ಮನೆಯನ್ನು.