ಮತ ಹಾಕದೆ ಹೊರಬಂದವನು

ಬಾಗಿಲು ತೆರೆಯಿತು... ಹೊರಬಂದವನು ಎಮೆಟ್!

ಮಾರ್ಲಾ ಥಟ್ಟನೆ ಎದ್ದು ನಿಂತಳು. ಅವಳ ಉಪನ್ಯಾಸಕಿ ಕೆಲಸ ಕಾಯಂ ಮಾಡಬೇಕೋ ಬೇಡವೋ ಎಂದು ನರ್ಸಿಂಗ್ ಕಾಲೇಜಿನ ಸಮಿತಿ ಒಳಗೆ ಮತ ಹಾಕುತ್ತಿತ್ತು. ಕಾಯಂ ಆಗದಿದ್ದರೆ ಮುಂದಿನ ಬೇಸಿಗೆಗೆ ಕಾಲೇಜನ್ನಷ್ಟೇ ಅಲ್ಲ, ಬೇರೆ ನರ್ಸಿಂಗ್ ಕಾಲೇಜಿಲ್ಲದ ಅಮೆರಿಕದ ನೆಬ್ರಾಸ್ಕದ ಈ ಊರನ್ನೇ ಬಿಡಬೇಕು. ಸಮಿತಿಯ ಐವರಲ್ಲಿ ಅವಳು ನೆಚ್ಚಿಕೊಂಡಿದ್ದು ಇವನೊಬ್ಬನನ್ನೇ.

"ಮುಗೀತಾ?"

"ಇಲ್ಲ. ನಾನು ಮತ ಹಾಕಲ್ಲ ಅಂತ ಹೇಳಿ ಬಂದೆ."

ಅವಳ ಕಣ್ಣು ತುಂಬಿತು. ಆರು ವರ್ಷ! ಬೆಳ್ಳಂಬೆಳಗ್ಗೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆಸ್ಪತ್ರೆಗೆ ಹೋದಾಗಲೆಲ್ಲ ಪಕ್ಕದ ವಾರ್ಡಿನಲ್ಲಿ ಪಾಠ ಹೇಳುವ ಇವನ ದನಿ ಕೇಳಿದರೆ ಸಾಕು, ಅವಳ ಜೀವಕ್ಕೆ ಹಾಯೆನಿಸುತ್ತಿತ್ತು. ಅವನು ಮನಸ್ಸಿನ ಮಾತು ಆಡಿದವನಲ್ಲ, ಅವಳೂ ಬಾಯಿ ಬಿಟ್ಟವಳಲ್ಲ. ಇಬ್ಬರಿಗೂ ಹಾಳು ಸಂಕೋಚ! ಊರವರ ನಾಡಿ ಹಿಡಿಯುವವರಿಗೆ ಪಕ್ಕದವರ ಮನಸ್ಸು ತಿಳಿಯಲಿಲ್ಲವೆಂದರೆ ಏನೆನ್ನೋಣ...

"ನನಗೆ ಪಾಠ ಮಾಡೋಕೆ ಬರಲ್ವಾ ಎಮೆಟ್? ನೇರವಾಗಿ ಹೇಳು."

"ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರಿಗೂ ಬರಲ್ಲ."

"ಮತ್ತೆ ಕೈಯೆತ್ತೋಕೆ ಏನು ಧಾಡಿ?"

ಅವನು ನೆಲ ನೋಡಿದ. "ನಿಯಮ ಗೊತ್ತಲ್ಲ... ತನ್ನವರ ವಿಷಯಕ್ಕೆ ಯಾರೂ ಮತ ಹಾಕೋ ಹಾಗಿಲ್ಲ."

"ತನ್ನವರು ಅಂದ್ರೆ ಗಂಡ ಹೆಂಡ್ತಿ, ಅಣ್ಣ ತಂಗಿ. ನಾನು ನಿನಗೇನು?"

"ಅಧ್ಯಕ್ಷೆ ಇಂಗ್ರಿಡ್ ಕೂಡ ಅದನ್ನೇ ಕೇಳಿದ್ರು. ಅವಳನ್ನ ಪ್ರೀತಿಸ್ತೀನಿ ಅಂದೆ. ಅವಳಿಗೆ ಗೊತ್ತಾ ಅಂದ್ರು. ಇಲ್ಲ ಅಂದೆ. ಎಲ್ರೂ ನಕ್ಕುಬಿಟ್ರು."

ಮಾರ್ಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 'ಊರಿಗೆಲ್ಲ ಹೇಳಿ ಕೊನೆಗೆ ನನಗೆ!'

"ನಿನ್ನ ಒಂದು ಮತ ಇಲ್ದೆ ನಾನು ಸೋತ್ರೆ? ಹೊರಟುಹೋಗ್ತೀನಿ, ಗೊತ್ತಾ?"

"ಗೊತ್ತು. ಆದ್ರೆ ನನ್ನಿಂದ ಸಿಕ್ಕಿದ ಕೆಲಸ ಅಂತ ನಾಳೆ ಯಾರೂ ನಿನ್ನ ಆಡ್ಕೋಬಾರ್ದು. ನೀನು ಹೋದ್ರೆ... ನಾನೂ ಬರ್ತೀನಿ."

"ನಿನಗೇನು ಹುಚ್ಚಾ? ಕಾಯಂ ಕೆಲಸಕ್ಕೆ ಜನ ಜೀವ ತೇಯ್ತಾರೆ, ನೀನು ಬಿಟ್ಟು ಬರ್ತೀಯಾ?"

"ನರ್ಸ್ ಬೇಡ ಅನ್ನೋ ಊರು ಎಲ್ಲಿದೆ ಮಾರ್ಲಾ? ಕೆಲಸ ಎಲ್ಲಾದ್ರೂ ಸಿಗುತ್ತೆ. ನೀನು ಸಿಗಲ್ಲ."

ಇಷ್ಟು ವರ್ಷ ಕೇಳಲು ಹಂಬಲಿಸಿದ ಮಾತು! ಅವಳು ಅವನ ಕೈ ಹಿಡಿದಳು.

ಅಷ್ಟರಲ್ಲಿ ಇಂಗ್ರಿಡ್ ಬಾಗಿಲಿನಿಂದ ತಲೆ ಹೊರಹಾಕಿದರು. "ನಾಲ್ಕಕ್ಕೆ ನಾಲ್ಕೂ ನಿನ್ನ ಕಡೆ ಕಣಮ್ಮ!" ಕೂಡಿದ ಕೈಗಳ ಮೇಲೆ ಅವರ ಕಣ್ಣು ಬಿತ್ತು. "ಮತ್ತೆ ಇವನ ವಿಷಯ?"

"ಅದಕ್ಕೆ ನನ್ನೊಬ್ಬಳ ಮತ ಸಾಕು," ಎಂದಳು ಮಾರ್ಲಾ, ಕಣ್ಣೊರೆಸಿಕೊಳ್ಳುತ್ತಾ.

ಎಮೆಟ್‌ನ ಕಣ್ಣು ಅವಳತ್ತ ಹೊರಳಿತು. "ಏನಂತ... ಹಾಕಿದೆ?"

"ಕಾಯಂ ಅಂತ."